ಅವರ ಮನೆಯ ಇತರೆ

ಆ ಮನೆಯಲ್ಲಿ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಸೀಟಿ ಕೇಳುತ್ತಿತ್ತು. ಕುಕ್ಕರಿನ ಸೀಟಿಯಲ್ಲ, ಆಟದ ಮೈದಾನದ ಸೀಟಿ. ಅಕ್ಕ ನಡುಮನೆಯಲ್ಲಿ ಪೇಪರು ಓದುತ್ತಾ ಕೂತಿದ್ದರೂ ಹಾಲಿನ ಸಂಗತಿ ಅವರ ಮೂಗಿಗೆ ಹೇಗೋ ಗೊತ್ತಾಗಿಬಿಡುತ್ತಿತ್ತು. ಕೊರಳಲ್ಲಿದ್ದ ಸೀಟಿಯನ್ನು ಬಾಯಿಗಿಟ್ಟು ಒಂದು ಸಲ ಊದುತ್ತಿದ್ದರು. ನಾನು ಎಲ್ಲಿದ್ದರೂ ಓಡಿಹೋಗಿ ಒಲೆ ಆರಿಸಬೇಕು. ಎರಡು ಸಲ ಊದಿದರೆ ಊಟಕ್ಕೆ ಬಾ ಎಂದರ್ಥ. ಪಕ್ಕದ ಮನೆಯವರಿಗೆ ಮೊದಮೊದಲು ಗಾಬರಿಯಾಗುತ್ತಿತ್ತಂತೆ. ಬರಬರುತ್ತಾ ಅವರೂ ನಮ್ಮ ಸೀಟಿ ಕೇಳಿ ತಮ್ಮ ಹಾಲು ನೋಡಿಕೊಳ್ಳುವುದನ್ನು ಕಲಿತರು.

ಪಾವಗಡದ ಹೈಸ್ಕೂಲೊಂದರಲ್ಲಿ ಅವರು ದೈಹಿಕ ಶಿಕ್ಷಣದ ಟೀಚರು. ಊರಿಗೆಲ್ಲ ಪಿ.ಟಿ. ಮೇಡಂ, ನನಗೆ ಅಕ್ಕ. ರಿಟೈರಾದ ಮೇಲೆ ಕೊರಟಗೆರೆಯ ತಮ್ಮನ ಮನೆಗೆ ಹೋಗಿದ್ದರು. ಕಳೆದ ತಿಂಗಳು ಅಲ್ಲೇ ತೀರಿಕೊಂಡರು. ಅವರ ಬಗ್ಗೆ ಬರೆಯೋಣವೆಂದು ಕೂತರೆ ಅವರು ಎಲ್ಲಿ ಓದಿದರು, ಯಾಕೆ ಮದುವೆಯಾಗಲಿಲ್ಲ, ಇವೊಂದೂ ನನಗೆ ನೆಟ್ಟಗೆ ಗೊತ್ತಿಲ್ಲ. ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ನನಗೆ ಗೊತ್ತಿರುವುದೆಲ್ಲ ಹಾಲು, ಸೀಟಿ, ಬಾಡಿಗೆ ಇಂಥವೇ.

ಕುಳ್ಳಗಿನ ಗಟ್ಟಿ ಹೆಂಗಸು. ಹಣೆಯ ಮೇಲೆ ವಿಭೂತಿ, ಕಾಟನ್ ಸೀರೆ, ಅದರ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಯೋಚನೆ ಮಾಡುವಾಗ ಶೂವಿನ ತುದಿಯಿಂದ ನೆಲದ ಮೇಲೆ ಗೆರೆ ಎಳೆಯುವುದು ಅವರ ಅಭ್ಯಾಸ. ಮಣ್ಣಿದ್ದರೆ ಗೆರೆ ಮೂಡುತ್ತಿತ್ತು, ಸಿಮೆಂಟಿನ ನೆಲವಾದರೆ ಬರೀ ಸದ್ದು. ತರಕಾರಿಯವಳ ಹತ್ತಿರ ಚೌಕಾಸಿ ಮಾಡುವಾಗಲೂ ಕಾಲು ಗೆರೆ ಎಳೆಯುತ್ತಲೇ ಇರುತ್ತಿತ್ತು.

ನಮ್ಮಿಬ್ಬರ ಪರಿಚಯವಾದದ್ದು ಜಗಳದಿಂದ. ನಾನಾಗ ಬಲಸಮುದ್ರದ ಕಡೆಯ ಒಂದು ಶಾಲೆಗೆ ಹೊಸದಾಗಿ ಸೇರಿದ್ದೆ. ನನ್ನ ಊರು ಸಿರಾ ತಾಲ್ಲೂಕಿನಲ್ಲಿ, ಪಟ್ಟನಾಯಕನಹಳ್ಳಿಯ ಆಚೆ. ನಮ್ಮದು ಕುರಿ ಸಾಕುವ ಮನೆ. ಅಲ್ಲಿಂದ ದಿನಾ ಒಂದು ಬಸ್ಸಿಳಿದು ಇನ್ನೊಂದು ಹತ್ತಿ ಬಂದು ಹೋಗುತ್ತಿದ್ದೆ. ತಾಲ್ಲೂಕಿನ ಕ್ರೀಡಾಕೂಟಕ್ಕೆ ನಮ್ಮ ಹುಡುಗಿಯರನ್ನು ಕರೆದುಕೊಂಡು ಹೋದಾಗ ಖೋ ಖೋಗೆ ಇವರೇ ಅಂಪೈರು. ನಮ್ಮ ಹುಡುಗಿ ಅಟ್ಟಿಸಿಕೊಂಡು ಹೋಗಿ ಎದುರಿನವಳನ್ನು ಮುಟ್ಟಿದಳು, ನಾವೆಲ್ಲ ಕುಣಿದೆವು, ಅಷ್ಟರಲ್ಲಿ ಸೀಟಿ. ನಡುಗೆರೆ ದಾಟಿದ್ದಾಳೆ, ಫೌಲು ಎಂದರು. ನನ್ನ ಸಿಟ್ಟು ಮೊದಲಿಂದಲೂ ಮೂಗಿನ ತುದಿಯಲ್ಲೇ. ಮೈದಾನಕ್ಕೆ ನುಗ್ಗಿದೆ.

“ಎಲ್ಲಿದೆ ಮೇಡಂ ಗೆರೆ? ಸುಣ್ಣವೆಲ್ಲ ಅಳಿಸಿ ಹೋಗಿದೆ. ನಿಮಗೆ ಹೇಗೆ ಕಾಣಿಸ್ತು?”

“ಸುಣ್ಣ ಅಳಿಸ್ತೈತೆ, ಗೆರೆ ಅಳಿಸಲ್ಲ ಕಣಮ್ಮ,” ಎಂದು ಶೂವಿನ ತುದಿಯಿಂದ ಅದೇ ಜಾಗದಲ್ಲಿ ಮತ್ತೆ ಎಳೆದು ತೋರಿಸಿದರು.

ನಾವು ಸೋತೆವು. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಮುಖ ಊದಿಸಿಕೊಂಡು ನಿಂತಿದ್ದೆ. ಅವರೇ ಹುಡುಕಿಕೊಂಡು ಬಂದು ಇನ್ನೂ ಕೋಪ ಐತಾ ಎಂದರು. ಐತೆ ಎಂದೆ. ನಕ್ಕರು. ಯಾವೂರು, ಹೇಗೆ ಬರುತ್ತೀಯ, ಎಷ್ಟು ಹೊತ್ತಿಗೆ ಮನೆ ಸೇರುತ್ತೀಯ ಎಂದೆಲ್ಲ ವಿಚಾರಿಸಿಕೊಂಡರು.

“ಇಂಗೆ ಬಸ್ಸಲ್ಲೇ ಸಂಸಾರ ಮಾಡಿದ್ರೆ ಪಾಠ ಯಾವಾಗ ಮಾಡ್ತೀಯ? ನನ್ ಮನೇಲಿ ಒಂದು ರೂಮು ಸುಮ್ನೆ ಬಿದ್ದೈತೆ. ಬಂದ್ಬುಡು. ಬಾಡಿಗೆ ಅರ್ಧ ಅರ್ಧ.”

ಆಗ ಪಾವಗಡದಲ್ಲಿ ಬಾಡಿಗೆ ಮನೆ ಸಿಗುವುದು ಹುಡುಗಾಟವಾಗಿರಲಿಲ್ಲ. ಸೋಲಾರ್ ಪಾರ್ಕಿನ ಕೆಲಸಕ್ಕೆ ಬಂದವರು ಹೇಳಿದಷ್ಟು ಕೊಟ್ಟು ಹಿಡಿದಿದ್ದರಿಂದ ಏರಿದ ಬಾಡಿಗೆ ಮತ್ತೆ ಇಳಿದಿರಲೇ ಇಲ್ಲ. ಅದರ ಮೇಲೆ ಒಂಟಿ ಹುಡುಗಿ ಎಂದರೆ ಒಬ್ಬೊಬ್ಬ ಓನರೂ ಒಂದೊಂದು ನೆಪ ಹೇಳುತ್ತಿದ್ದರು. ಯಾವ ಜನ ಎಂದು ಕೇಳಿ, ನಾನು ಹೇಳಿದ ಮೇಲೆ, ಮೊನ್ನೆ ತಾನೇ ಬೇರೆಯವರಿಗೆ ಮಾತಾಯ್ತಮ್ಮ ಅನ್ನುತ್ತಿದ್ದವರೂ ಇದ್ದರು. ಅಕ್ಕ ಇದನ್ನು ಯಾವುದನ್ನೂ ಕೇಳಲಿಲ್ಲ. ಗುಡ್ಡದ ಕೋಟೆ ಕಾಣುವ ಕಿಟಕಿಯಿದ್ದ ರೂಮನ್ನು ನನಗೆ ಬಿಟ್ಟುಕೊಟ್ಟರು. ಅವರ ಓನರು ಕಡಲೆಕಾಯಿ ಮಂಡಿಯವರು. ಅಕ್ಕನದೂ ತಮ್ಮದೇ ಜನ ಎಂಬ ಕಾರಣಕ್ಕೇ ಮನೆ ಕೊಟ್ಟಿದ್ದರು. ಅವರಿಗೆ ಅಕ್ಕ ನನ್ನ ವಿಷಯ ಹೇಳಿದ್ದು, “ಜೊತೇಲಿ ನಮ್ಮುಡುಗಿ ಒಬ್ಳು ಇರ್ತಾಳೆ” ಎಂದಷ್ಟೇ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಅವರು ಮಾತಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನನ್ನಪ್ಪ ಒಮ್ಮೆ ನನ್ನನ್ನು ನೋಡಲು ಬಂದಿದ್ದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಕೋಲು. ಎಷ್ಟು ಕರೆದರೂ ಒಳಗೆ ಬರಲಿಲ್ಲ, ಬಾಗಿಲ ಮೆಟ್ಟಿಲ ಮೇಲೇ ಕೂತ. ಅಕ್ಕ ಕುರ್ಚಿ ತಂದಿಟ್ಟರು. ಕುರ್ಚಿಯಲ್ಲೂ ಕೂರಲಿಲ್ಲ. ಅಕ್ಕ ತಾವೂ ಮೆಟ್ಟಿಲ ಮೇಲೆ ಅವನ ಪಕ್ಕ ಕೂತರು. ಇಬ್ಬರೂ ಕುರಿಗಳ ಕಾಲುಬೇನೆಯ ಬಗ್ಗೆಯೂ ಓಟದ ಹುಡುಗರ ಕಾಲುನೋವಿನ ಬಗ್ಗೆಯೂ ಕಾಫಿ ಆರುವವರೆಗೆ ಮಾತಾಡಿದರು. ಬೀದಿಯಲ್ಲಿ ಹೋಗುತ್ತಿದ್ದ ಓನರು ಒಂದು ಗಳಿಗೆ ನಿಂತು ನೋಡಿ ಹೋದದ್ದು ನನ್ನ ಕಣ್ಣಿಗೆ ಬಿತ್ತು.

ತೆರಿಗೆಯ ಕಥೆ ಶುರುವಾದದ್ದು ನಾನು ಆ ಮನೆಗೆ ಬಂದ ಮೇಲಿನ ಮೊದಲ ಫೆಬ್ರವರಿಯಲ್ಲಿ. ಸಂಬಳದ ಜೊತೆ ಬರುವ ಮನೆ ಬಾಡಿಗೆ ಭತ್ಯೆಗೆ ತೆರಿಗೆಯ ವಿನಾಯಿತಿ ಬೇಕಾದರೆ ಬಾಡಿಗೆಯ ರಸೀತಿ ಕೊಡಬೇಕು. ಹೊಸ ಪದ್ಧತಿಗೆ ಹೋದವರಿಗೆ ಈ ವಿನಾಯಿತಿಯೇ ಇಲ್ಲ. ಅಕ್ಕ ಹಳೆಯದರಲ್ಲೇ ಇದ್ದರು. ಪೂರ್ತಿ ಬಾಡಿಗೆಯ ರಸೀತಿ ಅವರ ಹೆಸರಿಗೆ ಬರುತ್ತಿತ್ತು, ನಾನು ನನ್ನ ಅರ್ಧವನ್ನು ಅವರ ಕೈಗೆ ಕೊಡುತ್ತಿದ್ದೆ. ಅವರ ಶಾಲೆಯ ಗುಮಾಸ್ತರು, “ಪೂರ್ತಿ ಬರ್ದ್ಬುಡಿ ಮೇಡಂ, ಒಳಗೆ ಯಾರು ಯಾರಿಗೆ ಕೊಡ್ತಾರೆ ಅಂತ ಯಾರು ಬಂದು ನೋಡ್ತಾರೆ” ಎಂದರಂತೆ. ಅಕ್ಕ ಒಪ್ಪಲಿಲ್ಲ.

“ಅರ್ಧ ಓಟ ನಾನು ಓಡಿ ಪೂರ್ತಿ ಮೆಡಲ್ಲು ಹಾಕ್ಕಳದು ಹೆಂಗೆ?” ಎಂದು ನನ್ನ ಹತ್ತಿರ ಹೇಳಿದರು. ತಮ್ಮ ಪಾಲನ್ನಷ್ಟೇ ಬರೆದು ಕೊಟ್ಟು ಬಂದಿದ್ದರು.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ನಾನು ಅವರಿಗೆ ಕೊಡುವ ಅರ್ಧ ಏನು ಹಾಗಾದರೆ, ಅದನ್ನು ಎಲ್ಲಿ ತೋರಿಸಬೇಕು ಎಂಬ ಹುಳ ತಲೆಗೆ ಹೊಕ್ಕಿತು. ಜುಲೈನಲ್ಲಿ ನನ್ನನ್ನೂ ಎಳೆದುಕೊಂಡು ಮಧುಗಿರಿಗೆ ಹೊರಟರು. ಅಲ್ಲಿ ಮೇಷ್ಟ್ರುಗಳಿಗೆಲ್ಲ ರಿಟರ್ನ್ಸ್ ತುಂಬಿಕೊಡುವ ಒಬ್ಬರಿದ್ದರು. ಅವರು ಅಕ್ಕನ ಮಾತು ಪೂರ್ತಿ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮನೆ ನಿಮ್ಮ ಸ್ವಂತದ್ದಾಗಿದ್ರೆ ಇದು ಮನೆ ಆಸ್ತಿಯ ಆದಾಯ ಆಗ್ತಿತ್ತು. ನೀವೇ ಬಾಡಿಗೆಗೆ ಇರೋರು. ನಿಮ್ಮೊಳಗೆ ಇವರು ಒಳಬಾಡಿಗೆಗೆ ಅವ್ರೆ. ಹಂಗಾಗಿ ಇವರು ಕೊಡೋದು ಇತರೆ ಮೂಲಗಳ ಆದಾಯ. ಅದನ್ನ ತೋರ್ಸಿ, ಆ ಭಾಗಕ್ಕೆ ಓನರಿಗೆ ನೀವು ಕಟ್ಟಿರೋದನ್ನ ಖರ್ಚು ಅಂತ ಕಳೀಬೇಕು. ಕೊನೆಗೆ ಉಳಿಯೋದು ಸೊನ್ನೆ.”

“ಈ ಸೊನ್ನೆ ಬರೆಯೋಕೆ ಇಷ್ಟು ದೂರ ಬಂದ್ವಾ?” ಎಂದೆ ನಾನು.

“ಯಾರೂ ಬರಲ್ಲಮ್ಮ, ಇವರು ಬಂದವ್ರೆ,” ಎಂದು ಅವರು ಕನ್ನಡಕ ಹಾಕಿಕೊಂಡರು. “ಒಂದು ಕೆಲ್ಸ ಮಾಡಿ ಮೇಡಂ. ಮುಂದಿನ ಕರಾರಲ್ಲಿ ಇಬ್ಬರ ಹೆಸರೂ ಹಾಕ್ಸಿ. ಆಗ ಒಬ್ಬರ ಒಳಗೆ ಒಬ್ಬರು ಅನ್ನೋದೇ ಇರಲ್ಲ. ಅವರವರ ಪಾಲು ಅವರವರೇ ಓನರಿಗೆ ಕೊಟ್ಟು ಅವರವರೇ ತೋರಿಸ್ಕೊಬೋದು.”

ಅಕ್ಕನ ಶೂ ಮೇಜಿನ ಕೆಳಗೆ ಸರಕ್ ಸರಕ್ ಎನ್ನತೊಡಗಿತು.

ಹೆಂಗಸರಿಗೆ ಬಸ್ಸು ಫ್ರೀ ಆದ ಹೊಸತು ಅದು. ವಾಪಸ್ಸು ಬರುವಾಗ ಕಂಡಕ್ಟರು ಎರಡು ಸೊನ್ನೆ ಟಿಕೇಟು ಹರಿದು ಕೊಟ್ಟ. ಅಕ್ಕ ತಮ್ಮದನ್ನು ನನ್ನ ಮೂಗಿನ ಮುಂದೆ ಹಿಡಿದರು. “ನೋಡು, ಸೊನ್ನೆ ಅಂತ ಅಚ್ಚು ಹಾಕಿ ಕೊಟ್ಟವ್ನೆ. ಸೊನ್ನೆ ತಾನೆ ಅಂತ ಟಿಕೇಟೇ ಇಲ್ದೆ ಕೂತಿದ್ರೆ ಚೆಕಿಂಗ್‌ನೋರು ಬುಡ್ತಿದ್ರಾ?” ಎಂದರು. ಆಮೇಲೆ ಇನ್ನೊಂದು ಟಿಕೇಟನ್ನು ನನ್ನ ಕೈಗಿಟ್ಟು, “ತಗಳವ್ವ ಇತರೆ, ಇದು ನಿಂದು” ಎಂದು ಬಾಯಿತುಂಬ ನಕ್ಕರು.

ಅವತ್ತಿನಿಂದ ನನ್ನ ಹೆಸರು ಹೋಯಿತು. ಇತರೆ ಸ್ನಾನ ಆಯ್ತಾ, ಇತರೆ ಉಪ್ಪು ಎಲ್ಲಿಟ್ಟಿದ್ದೀಯ, ಇತರೆಗೆ ಇವತ್ತು ಮೂಗಿನ ಮೇಲೇ ಕೋಪ. ಮೊದಲು ರೇಗಿದೆ. ರೇಗಿದರೆ ಇನ್ನೂ ಜಾಸ್ತಿಯಾಯಿತು. ತಮ್ಮನಿಗೆ ಫೋನು ಮಾಡಿದರೂ, “ಇಲ್ಲಪ್ಪ, ಊಟ ಮಾಡಿಲ್ಲ, ಇತರೆ ಬಂದಿಲ್ಲ ಇನ್ನೂವೆ” ಅನ್ನುವುದು ನನ್ನ ಕಿವಿಗೆ ಬೀಳುತ್ತಿತ್ತು. ಕೆಲವು ತಿಂಗಳಲ್ಲಿ ನನಗೇ ಅದು ಒಗ್ಗಿಹೋಗಿ, ಶಾಲೆಯಲ್ಲಿ ಯಾರಾದರೂ ಇತರೆ ಖರ್ಚು ಎಂದರೆ ತಿರುಗಿ ನೋಡುವಂತಾಯಿತು.

ಕರಾರು ಹೊಸದಾಗಿ ಬರೆಯುವ ಹೊತ್ತು ಬಂದಾಗ ಓನರು ಒಂದು ಭಾನುವಾರ ಬೆಳಿಗ್ಗೆ ಛಾಪಾ ಕಾಗದ ಹಿಡಿದು ಬಂದರು. ಅವರ ಮಾತು ಕನ್ನಡದಲ್ಲಿ ಹೊರಟು ಎಲ್ಲೋ ತೆಲುಗಿಗೆ ತಿರುಗಿಕೊಂಡು ಮತ್ತೆ ಕನ್ನಡಕ್ಕೆ ಬರುತ್ತಿತ್ತು. ನಾನು ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದೆ. ಈ ಸಲ ನಮ್ಮಿಬ್ಬರ ಹೆಸರೂ ಬರೀರಿ ಎಂದು ಅಕ್ಕ ಹೇಳಿದ್ದು ಕೇಳಿಸಿತು.

“ಆಯಮ್ಮದ್ಯಾಕೆ? ನಿಮಗೇನಾಗ್ಬೇಕು ಮೇಡಂ ಆಯಮ್ಮ? ತಂಗಿ ಮಗಳಾ?”

“ಏನೂ ಆಗ್ಬೇಕಿಲ್ಲ,” ಎಂದರು ಅಕ್ಕ.

ನಮ್ಮಲ್ಲಿ ನೆಂಟಸ್ತಿಕೆ ಕೇಳುವುದೇ ಹಾಗೆ, ಏನಾಗಬೇಕು ಎಂದು. ಅದಕ್ಕೆ ಏನೂ ಆಗಬೇಕಿಲ್ಲ ಎಂದರೆ ನೆಂಟಳಲ್ಲ ಎಂದಷ್ಟೇ ಅರ್ಥ, ಅದು ನನಗೂ ಗೊತ್ತು. ಆದರೂ ಅವರ ಬಾಯಿಂದ ಅದು ಅಷ್ಟು ಸಲೀಸಾಗಿ ಬರುತ್ತದೆಂದು ನಾನು ಎಣಿಸಿರಲಿಲ್ಲ.

“ಏನೂ ಆಗದೋರನ್ನ ಇಟ್ಕೊಂಡು ಬಾಡಿಗೆ ಇಸ್ಕೊಂಡ್ರೆ ಅದು ಒಳಬಾಡಿಗೆ ಆಯ್ತು. ಕರಾರಲ್ಲಿ ಬೇಡ ಅಂತ ಬರ್ದೈತಲ್ಲ,” ಎಂದರು ಓನರು.

“ಹೌದು. ತಪ್ಪು ನಂದೇ. ಅದ್ಕೇ ಈಗ ಸರಿ ಮಾಡಣ ಅಂತ ಹೇಳ್ತಿರದು.”

“ಅದಿ ಕಾದು ಮೇಡಂ, ಅದಲ್ಲ ನಾನು ಹೇಳೋದು. ತಂಗಿ ಮಗಳು ಅನ್ಬುಡಿ. ನೀವು ಹೇಳಿದ್ರಿ, ನಾನು ಕೇಳಿದೆ, ಮುಗೀತು. ಹೆಸರು ಬರೀಬೇಕು ಅಂದ್ರೆ ತಂದೆ ಹೆಸರು, ಊರು ಎಲ್ಲಾ ಬರ್ತೈತೆ. ಮನೇಲಿ ನಮ್ಮ ದೊಡ್ಡೋರು ನೋಡ್ತಾರೆ. ಯಾರು, ಯಾವ ಜನ ಅಂತ ನನ್ನ ಕೇಳ್ತಾರೆ.”

ಹಾವೂ ಸಾಯದ, ಕೋಲೂ ಮುರಿಯದ ದಾರಿ ಅದು. ನಾನಾಗಿದ್ದರೆ ಎರಡೂ ಕೈ ಚಾಚಿ ತೆಗೆದುಕೊಳ್ಳುತ್ತಿದ್ದೆ. ಅಕ್ಕ ಮಾತ್ರ, “ಇಲ್ದಿರೋ ತಂಗಿಗೆ ಮಗಳನ್ನ ಎಲ್ಲಿಂದ ತರ್ಲಿ ಸ್ವಾಮಿ” ಎಂದುಬಿಟ್ಟರು. ಓನರು ಕಾಫಿಗೂ ಕಾಯದೆ ಎದ್ದರು. ಯೋಚನೆ ಮಾಡಿ ಹೇಳ್ತೀನಿ, ಆಯಮ್ಮನಿಗೆ ಬೇರೆ ಕಡೆ ನೋಡಿಕೊಳ್ಳೋಕೂ ಹೇಳಿರಿ ಎಂದು ಮೆಟ್ಟಿಲಿಳಿದು ಹೋದರು.

ನಾನು ಕಾಫಿಯ ಲೋಟವನ್ನು ಅಕ್ಕನ ಮುಂದೆ ಕುಕ್ಕಿದೆ.

“ತಂಗಿ ಮಗಳು ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು? ನಿಮ್ಮ ಗೆರೆ ನೆಟ್ಟಗಿರ್ಬೇಕು ಅಂತ ನನ್ನನ್ನ ಬೀದಿಗೆ ಹಾಕ್ತೀರಾ? ಮತ್ತೆ ಆ ಬಸ್ಸುಗಳು, ಮತ್ತೆ ಆ ಓನರುಗಳ ಮನೆ ಬಾಗಿಲು. ನಿಮಗೆ ಗೊತ್ತಾ ಅದು ಹೆಂಗಿರುತ್ತೆ ಅಂತ?”

ಅಕ್ಕ ಕಾಫಿ ಮುಟ್ಟಲಿಲ್ಲ. ಕಾಲಿನ ತುದಿ ನೆಲದ ಮೇಲೆ ಹೋಗಿ ಬಂದು ಮಾಡುತ್ತಿತ್ತು.

“ಕೂತ್ಕ,” ಎಂದರು. ಕೂರಲಿಲ್ಲ ನಾನು. “ನಾನು ಇನ್ನೆಷ್ಟು ದಿನ ಇಲ್ಲಿರ್ತೀನಿ ಹೇಳು. ರಿಟೈರಾದ್ರೆ ಪೆಟ್ಟಿಗೆ ಕಟ್ತೀನಿ. ತಂಗಿ ಮಗಳಾದ್ರೆ ದೊಡ್ಡಮ್ಮನ ಹಿಂದೇನೇ ನೀನೂ ಮನೆ ಖಾಲಿ ಮಾಡ್ಬೇಕು. ಒಳಬಾಡಿಗೆ ಅಂದ್ರೂ ಅಷ್ಟೇಯ. ನಾನೇ ಇಲ್ದಿದ್ಮೇಲೆ ಯಾರ ಒಳಗೆ ಇರ್ತೀಯ? ನಿನ್ ಹೆಸರು, ನಿಮ್ಮಪ್ಪನ ಹೆಸರು ಕರಾರಲ್ಲಿ ಇದ್ರೆ ನಾನು ಹೋದ್ರೂ ನೀನಿರ್ತೀಯ. ನಂಗೆ ಏನಾದ್ರೂ ಆಗ್ಬೇಕು ಅಂತ ಈ ಮನೇಲಿ ಇರ್ಬೇಡ ಕಣೇ. ಏನೂ ಆಗ್ದೇನೇ ಇರು.”

ಅಳು ಬಂತು, ಅತ್ತೆ. ಅವರು ಸಮಾಧಾನ ಮಾಡುವ ಪೈಕಿಯವರಲ್ಲ. ನನ್ನ ಅಳು ಮುಗಿಯುವವರೆಗೆ ಪೇಪರು ಓದಿ, ಆಮೇಲೆ ಅಡುಗೆಮನೆಗೆ ಹೋದವರು ಸ್ವಲ್ಪ ಹೊತ್ತಿಗೆ ಎರಡು ಸಲ ಸೀಟಿ ಊದಿದರು. ಅವತ್ತು ತಿಂಡಿಗೆ ಅವರೇ ಉಪ್ಪಿಟ್ಟು ಮಾಡಿದ್ದರು, ಉಪ್ಪು ಹಾಕುವುದನ್ನು ಮರೆತಿದ್ದರು.

ಓನರು ಬರುವವರೆಗಿನ ದಿನಗಳು ಕಷ್ಟದವು. ಸಂಜೆ ಬೀದಿಯಲ್ಲಿ ಯಾರದಾದರೂ ಸ್ಕೂಟರು ನಿಂತರೆ ಕಿಟಕಿಗೆ ಓಡಿ ನೋಡುತ್ತಿದ್ದೆ. ಗೋಡೆಗೆ ಹೊಸದಾಗಿ ಹಾಕಿದ್ದ ಕ್ಯಾಲೆಂಡರನ್ನು ನಾನು ತೆಗೆದು ಚೀಲಕ್ಕೆ ಸೇರಿಸಿದೆ. ಅಕ್ಕ ಅದನ್ನು ಚೀಲದಿಂದ ತೆಗೆದು ಮತ್ತೆ ಮೊಳೆಗೆ ಹಾಕಿದರು. ಒಂದು ದಿನ ಓನರ ಮಂಡಿಗೇ ಹೋಗಿ ಏನು ಮಾತಾಡಿಕೊಂಡು ಬಂದರೋ ನನಗೆ ಹೇಳಲಿಲ್ಲ.

ಕೊನೆಗೆ ಓನರು ಬಂದರು. ಮುಖವೇನೂ ಅರಳಿರಲಿಲ್ಲ. “ಹೋದ ಬಾಡಿಗೆಯೋರು ಗೋಡೆ ತುಂಬ ಮೊಳೆ ಹೊಡ್ದು ಹೇಳ್ದೆ ಕೇಳ್ದೆ ಹೋದ್ರು. ಎರಡು ಸಹಿ ಇದ್ರೆ ಒಬ್ಬರಿಲ್ದಿದ್ರೆ ಇನ್ನೊಬ್ಬರು ಸಿಗ್ತಾರೆ. ವ್ಯಾಪಾರದ ಲೆಕ್ಕದಲ್ಲಿ ಸರೀನೇ ಐತೆ,” ಎಂದು ತಮಗೆ ತಾವೇ ಹೇಳಿಕೊಂಡು ಪೆನ್ನು ತೆಗೆದರು. ಆಮೇಲೆ ಅಕ್ಕನ ಕಡೆ ತಿರುಗಿ, “ಆಯಮ್ಮನ ತಂದೆ ಹೆಸರೇನು?” ಎಂದರು.

“ನನ್ನ್ಯಾಕೆ ಕೇಳ್ತೀರಾ? ಇಲ್ಲೇ ನಿಂತವ್ಳಲ್ಲ. ಹೇಳಮ್ಮ. ಗಟ್ಟಿಯಾಗಿ.”

ಮೈದಾನದಲ್ಲಿ ಹಾಜರಿ ಕೂಗಿಸುವ ದನಿ ಅದು. ಬೀದಿಗೆ ಕೇಳುವ ಹಾಗೆ ಹೇಳಿದೆ, ಅಪ್ಪನ ಹೆಸರು, ನಮ್ಮೂರ ಹೆಸರು. ಓನರು ಬರೆದರು. ಅಲ್ಲಿಯವರೆಗೆ ಆ ಮೆಟ್ಟಿಲು ದಾಟಿ ಒಳಗೆ ಬರದಿದ್ದ ನನ್ನಪ್ಪ ಅವತ್ತು ಕಾಗದದಲ್ಲಾದರೂ ಒಳಗೆ ಬಂದ.

ಓನರು ಹೋದ ಮೇಲೆ ಅಕ್ಕ, “ಮುಗೀತು ಕಣೇ. ಲೆಕ್ಕದ ಪ್ರಕಾರ ಇನ್ಮೇಲೆ ನೀನು ಇತರೆ ಅಲ್ಲ,” ಎಂದರು.

“ಹಾಗಾದ್ರೆ ಇನ್ನು ನನ್ನ ಹೆಸರು ಹಿಡಿದೇ ಕರೀತೀರಾ?”

ಬಾಯಲ್ಲೇ ಒಂದು ಸಲ ನನ್ನ ಹೆಸರನ್ನು ಹೇಳಿ ನೋಡಿದರು. ಅವರಿಗೇ ನಗು ಬಂತು. “ಬುಡು, ಅದು ಬಾಯಿಗೆ ಕೂತ್ಬುಟ್ಟೈತೆ. ತೆರಿಗೆಯೋರ್ಗೆ ಮಾತ್ರ ಹೇಳ್ಬೇಡ.”

ರಿಟೈರಾಗಿ ಕೊರಟಗೆರೆಗೆ ಹೊರಟಾಗ ಬೀಳ್ಕೊಡುಗೆಯ ಹಾರಗಳನ್ನೆಲ್ಲ ಶಾಲೆಯಲ್ಲೇ ಬಿಟ್ಟು ಒಂದು ಟ್ರಂಕು, ಒಂದು ಚೀಲ ತೆಗೆದುಕೊಂಡು ಬಸ್ಸು ಹತ್ತಿದರು. ಅತ್ತು ಗಿತ್ತು ಮಾಡಬೇಡ ಎಂದು ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಅವರ ಪಾಲಿನ ರೂಮಿಗೆ ಈಗ ಒಬ್ಬ ನರ್ಸಮ್ಮ ಬಂದಿದ್ದಾರೆ. ಕರಾರಿನಲ್ಲಿ ಅವರ ಹೆಸರನ್ನೂ ಮೊದಲ ದಿನವೇ ಬರೆಸಿದೆ. ಅಕ್ಕ ಆಗಾಗ ಫೋನು ಮಾಡುತ್ತಿದ್ದರು. ಬಾಡಿಗೆ ಏರಿಸಿದರಾ, ರಿಟರ್ನ್ಸ್ ತುಂಬಿದೆಯಾ, ಹಾಲ ಹತ್ತಿರ ನಿಂತುಕೊಳ್ಳೋದು ಕಲಿತೆಯಾ ಎಂದು ಕೇಳುತ್ತಿದ್ದರು. ಕಲಿತಿಲ್ಲ. ಈಗಲೂ ವಾರಕ್ಕೊಮ್ಮೆ ಉಕ್ಕಿಸುತ್ತೇನೆ.

ಸುದ್ದಿ ತಿಳಿಸಿದ್ದು ಅವರ ತಮ್ಮನ ಹೆಂಡತಿ. ನಿದ್ದೆಯಲ್ಲೇ ಹೋದರು ಎಂದರು. ನಮ್ಮ ಶಾಲೆಯಲ್ಲಿ ಅವತ್ತು ಪರೀಕ್ಷೆ, ಮಣ್ಣಿಗೆ ಹೋಗಲಾಗಲಿಲ್ಲ. ಶಿವಗಣಾರಾಧನೆಯ ದಿನ ಸೊನ್ನೆ ಟಿಕೇಟು ಹಿಡಿದುಕೊಂಡು ಮಧುಗಿರಿಯ ಮೇಲೆ ಕೊರಟಗೆರೆಗೆ ಹೋದೆ.

ಮನೆಯ ಮುಂದೆ ಶಾಮಿಯಾನ ಹಾಕಿದ್ದರು. ಬಂದವರೆಲ್ಲ ನೆಂಟರು, ಎಲ್ಲರ ಹಣೆಯಲ್ಲೂ ವಿಭೂತಿ. ನಡುಮನೆಯಲ್ಲಿ ಅಕ್ಕನ ಫೋಟೋ, ಹೂವಿನ ಹಾರದ ಒಳಗೆ ಸೀಟಿಯ ದಾರವನ್ನೂ ಹಾಕಿದ್ದರು. ಅದು ಬಾಗಿಲಿಂದಲೇ ಕಾಣಿಸುತ್ತಿತ್ತು. ಬಾಗಿಲ ಮೆಟ್ಟಿಲ ಹತ್ತಿರವೇ ನಿಂತುಬಿಟ್ಟೆ, ಅವತ್ತಿನ ನನ್ನಪ್ಪನ ಹಾಗೆ. ಜಗಲಿಯ ಮೇಲೆ ಕೂತಿದ್ದ ಹಣ್ಣು ಹಣ್ಣು ಅಜ್ಜಿಯೊಬ್ಬರು, ಅಕ್ಕನ ಚಿಕ್ಕಮ್ಮನಂತೆ, ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದರು.

“ಯಾರವ್ವ ನೀನು? ನಮ್ಮುಡುಗಿಗೆ ಏನಾಗ್ಬೇಕು?”

ಏನೂ ಆಗಬೇಕಿಲ್ಲ ಎನ್ನುವುದು ನಿಜ. ಅಕ್ಕನೇ ಹೇಳಿಕೊಟ್ಟ ಉತ್ತರ. ಆ ಬಾಗಿಲಲ್ಲಿ ನಿಂತು ಅದನ್ನು ಹೇಳಲು ನನ್ನಿಂದಾಗಲಿಲ್ಲ.

“ಪಾವಗಡದಲ್ಲಿ ಒಂದೇ ಮನೇಲಿದ್ವಿ ಅಜ್ಜಿ,” ಎಂದೆ.

ಅಜ್ಜಿ ಕೋಲೂರಿಕೊಂಡು ಎದ್ದು ನಿಂತರು. “ಓ, ನೀನೇನವ್ವ ಇತರೆ?” ಎಂದು, ಒಳಕ್ಕೆ ತಿರುಗಿ ಕೂಗಿದರು. “ಲೇ, ಇತರೆ ಬಂದವ್ಳೆ ನೋಡ್ರೇ. ಆಚೇನೇ ನಿಂತವ್ಳೆ. ಒಳಕ್ಕೆ ಕರ್ಕಳ್ರೇ.”

ಅಕ್ಕನ ತಮ್ಮನ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ಬಾಮ್ಮ ಇತರೆ, ಬೆಳಿಗ್ಗೆಯಿಂದ ನಿನ್ ದಾರೀನೇ ನೋಡ್ತಿದ್ವಿ” ಎಂದರು. ಅವರ ಹಿಂದೆ ಬಂದ ಹುಡುಗಿಯರೂ ಇತರೆ ಅತ್ತೆ ಎಂದು ಪಿಸುಗುಟ್ಟಿಕೊಂಡರು. ಆ ಮನೆಯಲ್ಲಿ ಯಾರಿಗೂ ನನ್ನ ನಿಜವಾದ ಹೆಸರು ಗೊತ್ತಿದ್ದ ಹಾಗೆ ಕಾಣಲಿಲ್ಲ.

ಅಜ್ಜಿ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು ಮೆಟ್ಟಿಲು ಹತ್ತಿಸಿದರು.

“ಚೆಂದಾಗೈತೆ ಕಣವ್ವ ನಿನ್ನೆಸ್ರು. ನಮ್ಮ ಕಡೆ ಕೇಳಿಲ್ಲ. ಯಾವ ದೇವ್ರುದವ್ವ ಅದು?”

“ದೇವ್ರುದಲ್ಲ ಅಜ್ಜಿ,” ಎಂದೆ. “ನಮ್ಮಕ್ಕ ಇಟ್ಟಿದ್ದು.”